ಹಿಮದ ಮೇಲೆ ಬ್ಯಾಡಗಿ ಬಣ್ಣ

"ಮಾಲತೇಶಪ್ಪ ಮನಿಯಿಂದ ಹೊಂಟ ಅಂದ್ರ ಮುಗೀತು. ಲುಂಗಿ ಚಿಲಕಕ್ಕ ಸಿಕ್ಕೊಂಡ್ರೂ ಹೊಳ್ಳಿ ಬಂದು ಬಿಡಿಸಿಕೊಳ್ಳಾಂವಲ್ಲ, ಬಾಗಲಾನ ಕಿತ್ಗೊಂಡು ಹೋಗ್ತಾನ."

ಬ್ಯಾಡಗಿಯ ನಮ್ಮ ಓಣಿಯಲ್ಲಿ ನನ್ನ ಬಗ್ಗೆ ಇದ್ದ ಮಾತು ಇದು. ಮೊದಲು ಯಾರು ಆಡಿದರೋ ಗೊತ್ತಿಲ್ಲ, ನೀರು ಹಾಕಿ ಬೆಳೆಸಿದವಳು ಮಾತ್ರ ಎದುರುಮನೆಯ ಹೊನ್ನವ್ವ. ಅವಳು ಬೈಗುಳವೆಂದು ಹೇಳುತ್ತಿದ್ದಳು, ನಾನು ಬಿರುದೆಂದು ಕೇಳಿಸಿಕೊಳ್ಳುತ್ತಿದ್ದೆ. ಹಾಗಾಗಿ ನಮ್ಮಿಬ್ಬರ ನಡುವೆ ಎಂದೂ ಜಗಳವಾಗಲಿಲ್ಲ.

ನಮ್ಮ ಕಡೆ ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಯಾರಾದರೂ ಕೇಳಿಬಿಟ್ಟರೆ ಹೊರಟವರು ಹೊಳ್ಳಿ, ಅಂದರೆ ವಾಪಸು ತಿರುಗಿ, ಮನೆಯೊಳಗೆ ಬಂದು ಗಳಿಗೆ ಹೊತ್ತು ಕುಳಿತು, ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಈ ಪದ್ಧತಿಯನ್ನು ಹೊನ್ನವ್ವ ನನ್ನ ಮೇಲೆ ಬೇಕಂತಲೇ ಪ್ರಯೋಗಿಸುತ್ತಿದ್ದಳು. ನಾನು ಚಪ್ಪಲಿ ಮೆಟ್ಟುವುದನ್ನೇ ಕಾದಿದ್ದು ಕಟ್ಟೆಯ ಮೇಲಿಂದ ಕೂಗುವಳು.

"ಎಲ್ಲಿಗೆ ಹೊಂಟಿ ಮಾಲತೇಶಪ್ಪಾ?"

"ಸುಡಗಾಡಕ್ಕ. ಬರ್ತೀ ಏನವಾ?"

"ನಾ ಒಲ್ಲೆಪಾ. ನೀ ಮುಂದ ಹೋಗಿ ಜಾಗಾ ಹಿಡಿ."

ನಾನು ಹೊಳ್ಳುತ್ತಿರಲಿಲ್ಲ. ಊಟದ ಡಬ್ಬಿ ಮರೆತರೆ ಹಸಿದುಕೊಂಡಿರುತ್ತಿದ್ದೆ. ಚಾಳೀಸು ಕನ್ನಡಕ ಮರೆತರೆ ಕೆಲಸದಲ್ಲಿ ಮೀಟರಿನ ಮುಳ್ಳನ್ನು ಬೇರೆಯವರಿಂದ ಓದಿಸುತ್ತಿದ್ದೆ. ಒಮ್ಮೆ ಹಾವೇರಿಯಿಂದ ರೈಲಿನಲ್ಲಿ ಬರುವಾಗ ಕಣ್ಣು ಹತ್ತಿ, ಬ್ಯಾಡಗಿ ದಾಟಿಹೋಗಿ, ರಾಣೆಬೆನ್ನೂರಿನಲ್ಲಿ ಎಚ್ಚರವಾಯಿತು. ಬುದ್ಧಿ ಇದ್ದವನು ಎದುರಿನಿಂದ ಬರುವ ಗಾಡಿ ಹತ್ತಿ ಊರಿಗೆ ಬರುತ್ತಿದ್ದ. ನಾನು ಸ್ಟೇಷನ್ನಿನಿಂದ ಆಟೋ ಹಿಡಿದು ಸೀದಾ ಹೆಂಡತಿಯ ಅಣ್ಣ ಕರಬಸಪ್ಪನ ಬೀಜದ ಅಂಗಡಿಗೆ ಹೋಗಿ, "ನಿಮ್ಮನ್ನ ನೋಡಾಕಂತನ ಬಂದೇನ್ರಿ" ಎಂದೆ.

ಕರಬಸಪ್ಪ ತಕ್ಕಡಿಯಿಂದ ತಲೆ ಎತ್ತದೆ, "ಯಾಕ ಬೀಗರ, ರೈಲಿನ್ಯಾಗ ನಿದ್ದಿ ಹತ್ತಿತ್ತೇನು?" ಎಂದ.

ಈ ರೋಗ ನನಗೆ ಹತ್ತಿದ್ದು ಗುತ್ತಲದಲ್ಲಿ. ವಯಸ್ಸಿನಲ್ಲಿ ಅಲ್ಲಿಗೆ ಹೆಣ್ಣು ನೋಡಲು ಹೋಗಿದ್ದೆ. ಹಿರಿಯರು ಹಿಂದಿನ ಬಸ್ಸಿಗೆ ಬರುವವರಿದ್ದರು. "ಹಿಟ್ಟಿನ ಗಿರಣಿ ಬಾಜೂಕ ಮನಿ" ಎಂದು ಹೇಳಿ ಕಳಿಸಿದ್ದರು. ಗಿರಣಿಗೆ ಎರಡು ಬಾಜು ಇರುತ್ತವೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಕಾಲಿಟ್ಟ ಮನೆಯಲ್ಲೂ ಅವತ್ತು ಒಬ್ಬ ವರ ಬರುವವನಿದ್ದ, ರಾಣೆಬೆನ್ನೂರಿನವನು. ನನ್ನನ್ನೇ ಅವನೆಂದು ತಿಳಿದು ಕಾಲಿಗೆ ನೀರು ಕೊಟ್ಟರು, ಕಂಬಳಿ ಹಾಸಿದರು. ಹುಡುಗಿ ಅವಲಕ್ಕಿ ತಂದಿಟ್ಟು ಹೋದಳು. ಅರ್ಧ ಪ್ಲೇಟು ಖಾಲಿಯಾಗಿತ್ತು, ಆಗ ಅವಳ ತಂದೆ ಕೇಳಿದರು:

"ರಾಣೆಬೆನ್ನೂರಾಗ ಮಳಿ ಹೆಂಗೈತ್ರಿ?"

"ನಾ ಬ್ಯಾಡಗಿಯಾಂವರಿ."

ಹುಡುಗಿಯ ಅಣ್ಣ ಎದ್ದು ಬಾಗಿಲ ಕಡೆ ಕೈ ತೋರಿಸಿ, "ಏಳ್ರಿ, ನೀವು ಹೋಗೋ ಮನಿ ಗಿರಣಿ ಆಚೀಕಡೆ ಐತಿ" ಎಂದ. ಅವನೇ ಕರಬಸಪ್ಪ. ನಾನು ಪ್ಲೇಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, "ಬಂದೇನಿ, ಕುಂತೇನಿ, ಅರ್ಧಾ ತಿಂದೇನಿ. ಇನ್ನ ಹೊಳ್ಳಿ ಹೋಗೂದಿಲ್ಲರಿ" ಎಂದೆ.

ಅಡುಗೆಮನೆಯೊಳಗೆ ಯಾರೋ ಬಾಯಿಗೆ ಸೆರಗು ಹಿಡಿದು ನಕ್ಕ ಸದ್ದು ಬಂತು. ಹಾಗೆ ನಕ್ಕವಳು ಪುಷ್ಪಲತಾ. ಮುಂದೆ ಎರಡು ಮನೆಗಳ ಹಿರಿಯರು ಎಷ್ಟು ಕೂಗಾಡಿದರು, ರಾಣೆಬೆನ್ನೂರಿನ ವರ ಹೇಗೆ ಉಪವಾಸ ಹೋದ ಎಂಬುದೆಲ್ಲ ಉದ್ದದ ಕಥೆ. ಆ ಶ್ರಾವಣ ಕಳೆದ ಮೇಲೆ ನಮ್ಮ ಮದುವೆಯಾಯಿತು.

ಇಲ್ಲೇ ನಾನು ಲೆಕ್ಕ ತಪ್ಪಿದ್ದು. ಅಂಥ ಹೆಣ್ಣು ಸಿಕ್ಕಿದ್ದು ನನ್ನ ನಸೀಬು ಎಂದುಕೊಳ್ಳುವ ಬದಲು ನನ್ನ ಹಿಕಮತ್ತು ಎಂದುಕೊಂಡೆ. ಹೊಳ್ಳದೆ ಕುಳಿತದ್ದಕ್ಕೇ ಒಳ್ಳೆಯದಾಯಿತು, ಇನ್ನು ಮೇಲೆ ಎಲ್ಲಿಯೂ ಹೊಳ್ಳಬಾರದು ಎಂದು ಗಂಟು ಹಾಕಿಕೊಂಡೆ. ಪುಷ್ಪಲತಾ ಮಾತ್ರ ಸಿಟ್ಟು ಬಂದಾಗೆಲ್ಲ, "ಅವತ್ತ ನೀವು ಎದ್ದು ಹೋಗಿದ್ರ ಆ ರಾಣೆಬೆನ್ನೂರಾಂವ ಬರ್ತಿದ್ದ. ಅವರ ಮನ್ಯಾಗ ಎರಡ ನಳ ಇದ್ದುವಂತ" ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ನಳ, ಅಂದರೆ ನೀರಿನ ನಲ್ಲಿ, ಒಂದೇ. ಆದರೆ ಯಾರ ಮನೆಯಲ್ಲೂ ಇಲ್ಲದ ಗೋಡೆ ನಮಗಿತ್ತು. ನಾನು ಕೆಲಸ ಮಾಡುತ್ತಿದ್ದುದು ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಯಂತ್ರ ನೋಡಿಕೊಳ್ಳುವುದು, ಬಾಗಿಲು ಕಾಯುವುದು ನನ್ನ ಕೆಲಸ. ಅದರ ಆವರಣದೊಳಗೇ, ಥಂಡಿ ಕೋಣೆಗೆ ಬೆನ್ನು ಹಚ್ಚಿ ನಮ್ಮ ಮನೆ. ಹಳೆಯ ಕಟ್ಟಡವಾದ್ದರಿಂದ ಥಂಡಿ ಗೋಡೆ ಹಾದು ನಮ್ಮ ಪಡಸಾಲೆಗೆ ಬರುತ್ತಿತ್ತು. ಬೇಸಿಗೆಯಲ್ಲಿ ಊರೆಲ್ಲ ಖಾರದ ಘಾಟು ಮತ್ತು ಬಿಸಿಲಿನಲ್ಲಿ ಬೇಯುವಾಗ ಹೊನ್ನವ್ವ ಮೊದಲಾಗಿ ಓಣಿಯ ಹೆಂಗಸರು ಬಂದು ಆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತು ಬಿಡುತ್ತಿದ್ದರು. ನಾನಂತೂ ಆ ಗೋಡೆಗೆ ಬೆನ್ನು ಕೊಟ್ಟು, "ಈ ಮನಿಯಿಂದ ನನ್ನ ನಾಕ ಮಂದಿ ಹೊತಗೊಂಡ ಹೋಗಬೇಕು, ನಾನಾಗಿ ನಡದು ಹೋಗಾಂವಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದೆ.

ಥಂಡಿ ಕೋಣೆಯೊಳಗೆ ಚೀಲ ಹೊರಲು ಹೋಗುವ ಹಮಾಲರಿಗೆ ನಾನು ದಿನಾಲು ಬಾಗಿಲಲ್ಲಿ ನಿಂತು ಒಂದೇ ಪಾಠ ಒಪ್ಪಿಸುತ್ತಿದ್ದೆ. "ಬೆರಳ ನೋಯಾಕತ್ತಾವ ಅಂದ್ರ ಅಂಜಬ್ಯಾಡ್ರಿ, ಕೆಲಸಾ ಮಾಡ್ರಿ. ನೋವು ನಿಂತು ಆರಾಮ ಅನಸ್ತು ಅಂದ್ರ ಮಾತ್ರ ಚೀಲಾ ಅಲ್ಲೇ ಒಗದು ಹೊರಗ ಓಡಿ ಬರ್ರಿ." ಅದನ್ನೇ ಮನೆಯಲ್ಲೂ ಹೇಳುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಪುಷ್ಪಲತಾ, "ಒಲಿ ಮುಂದ ಕುಂತಾಕಿಗೆ ಥಂಡಿ ಪಾಠ ಹೇಳ್ತಾರ ನೋಡ್ರಿ" ಎಂದು ಗೋಡೆಗೆ ಹೇಳುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ಕರಬಸಪ್ಪ ಗೋವಿನಜೋಳದ ಬೀಜ ಬಹಳ ಮಾರಿದನೆಂದು ಕಂಪನಿಯವರು ಅವನಿಗೆ ಟೂರ್ ಕೊಟ್ಟರು. ಹಿಂದೆಲ್ಲ ಗೋವಾಕ್ಕೆ ಕಳಿಸುತ್ತಿದ್ದರಂತೆ, ಈ ಸಲ ಉತ್ತರಾಖಂಡದ ಹಿಮದ ಗುಡ್ಡ. ಅವನ ಹೆಂಡತಿ ಮೊಣಕಾಲು ಹಿಡಿದುಕೊಂಡು ಒಲ್ಲೆ ಎಂದಳು. ಕರಬಸಪ್ಪ ತಂಗಿಯನ್ನೂ ನನ್ನನ್ನೂ ಕರೆದ. ಡಿಸೆಂಬರ್ ತಿಂಗಳು, ಪೇಟೆಗೆ ಹೊಸ ಕಾಯಿ ಜೋರಾಗಿ ಬರಲು ಇನ್ನೂ ಹೊತ್ತಿತ್ತು. ಧಣಿ ರಜೆ ಕೊಟ್ಟರು.

"ಅಲ್ಲಿ ಥಂಡಿ ಭಾಳ ಇರ್ತೈತಂತ, ತಯಾರಿ ಮಾಡ್ಕೊಳ್ರಿ" ಎಂದ ಕರಬಸಪ್ಪ.

"ನನಗ ಥಂಡಿ ಹೇಳಾಕ ಬರಬ್ಯಾಡ್ರಿ. ನಾ ಥಂಡಿಯ ಪಗಾರ ತಿಂದು ಬೆಳದಾಂವ."

ತಯಾರಿಯನ್ನೂ ಮಾಡಿದೆ ಅನ್ನಿ. ಗುಂಟೂರು ಕಡೆಯ ಲಾರಿ ಡ್ರೈವರನೊಬ್ಬ ಹಿಂದೆ ಹೇಳಿದ್ದ, ಕಾಲುಚೀಲದೊಳಗೆ ಖಾರದ ಪುಡಿ ಉದುರಿಸಿಕೊಂಡರೆ ಹಿಮದಲ್ಲೂ ಕಾಲು ಬೆಚ್ಚಗಿರುತ್ತವೆಂದು. ಅವನು ಹೇಳಿದ್ದು ಅವನೂರ ಕಾಯಿಯ ಬಗ್ಗೆ. ಆದರೆ ಬ್ಯಾಡಗಿಯವನು ಗುಂಟೂರು ಖಾರ ಹಾಕಿಕೊಂಡು ಗುಡ್ಡ ಏರಿದನೆಂದು ನಾಳೆ ಪೇಟೆಯಲ್ಲಿ ಗೊತ್ತಾದರೆ ಏನು ಗತಿ? ನಮ್ಮೂರಿನ ಡಬ್ಬಿ ಜಾತಿಯ ಕಾಯಿಯನ್ನೇ ಆರಿಸಿ, ಕುಟ್ಟಿಸಿ, ಒಂದು ಪೊಟ್ಟಣ ಕಟ್ಟಿಕೊಂಡೆ.

"ರೀ, ನಮ್ಮೂರ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ. ಕೂಸಿನ ಸಾರಿಗೂ ಹಾಕ್ತೇವಿ ಅದನ್ನ" ಎಂದಳು ಪುಷ್ಪಲತಾ.

ಅದು ನನಗೆ ತಿಳಿಯದ್ದೇನಲ್ಲ. ಪೇಟೆಗೆ ಬಂದ ಹೊರಗಿನ ವ್ಯಾಪಾರಿಗಳಿಗೆ ನಾನೇ ಎಷ್ಟೋ ಸಲ ಅಂಗೈಯಲ್ಲಿ ಕಾಯಿ ತಿಕ್ಕಿ ಬಣ್ಣ ತೋರಿಸಿದ್ದೇನೆ. ಆದರೆ ಪೊಟ್ಟಣ ಕಟ್ಟಿಯಾಗಿತ್ತು. ಕಟ್ಟಿದ್ದನ್ನು ಬಿಚ್ಚುವುದೂ ಒಂದು ಬಗೆಯ ಹೊಳ್ಳುವುದೇ ಅಲ್ಲವೇ?

ಹೋಗುವ ಮುಂಚೆ ಕದರಮಂಡಲಗಿಗೆ ಹೋಗಿ ಆಂಜನೇಯನಿಗೆ ಕೈಮುಗಿದು, ಸಿಂದೂರದ ಪುಡಿಕೆ ತಂದೆ. ಗುಡ್ಡದ ತುದಿಯಲ್ಲಿ ಒಂದು ಕಲ್ಲಿದೆಯಂತೆ, ಅದಕ್ಕೆ ಹಚ್ಚಿ ಬರುತ್ತೇನೆಂದು ಓಣಿಗೆಲ್ಲ ಸಾರಿದೆ. ಹೊನ್ನವ್ವ ಕಟ್ಟೆಯ ಮೇಲಿಂದ, "ಎಲ್ಲಿಗೆ ಹೊಂಟಿ ಮಾಲತೇಶಪ್ಪಾ?" ಎಂದು ಕೂಗಿದಳು. ಪುಷ್ಪಲತಾ ಕೂಡಲೇ ಒಳಗೆ ಹೋಗಿ ಕುಳಿತು ನೀರು ಕುಡಿದು ಬಂದಳು. ನಾನು ಆಟೋದಲ್ಲಿ ಕುಳಿತು ಹಾರ್ನ್ ಬಾರಿಸಿದೆ.

ರೈಲು, ಬಸ್ಸು, ಜೀಪು ಎಲ್ಲ ಹತ್ತಿಳಿದು ಗುಡ್ಡದ ಬುಡದ ಡೇರೆ ಮುಟ್ಟಿದೆವು. ದಾರಿ ತೋರಿಸುವವನು ನೇಗಿ ಎಂಬ ಅಲ್ಲಿಯ ಮನುಷ್ಯ, ನನ್ನದೇ ವಯಸ್ಸು, ಮುಖವೆಲ್ಲ ಗಾಳಿಗೆ ಒಣಗಿದ ಕಾಯಿಯ ಹಾಗೆ ನೆರಿಗೆ. ನನ್ನ ಹಿಂದಿ ಮೆಣಸಿನಕಾಯಿ ಪೇಟೆಯಲ್ಲಿ ಕಲಿತದ್ದು. ಹೀಗಾಗಿ ಹಿಮದ ಗುಡ್ಡ ನೋಡಿ ನಾನು ಅವನಿಗೆ ಹೇಳಿದ ಮೊದಲ ಮಾತು, "ಮಾಲ್ ಅಚ್ಛಾ ಹೈ."

ಮರುದಿನ ಬೆಳಕು ಹರಿದ ಮೇಲೆ ಹೊರಡುವ ಮುನ್ನ ನೇಗಿ ನಮ್ಮನ್ನು ನಿಲ್ಲಿಸಿಕೊಂಡು ಒಂದೇ ಕರಾರು ಹೇಳಿದ. "ಗ್ಯಾರಾ ಬಜೇ ವಾಪಸ್." ಹನ್ನೊಂದಕ್ಕೆ ಎಲ್ಲಿದ್ದರೂ ಸರಿ, ತುದಿ ಒಂದು ಮಾರು ದೂರವಿದ್ದರೂ ಸರಿ, ಹೊಳ್ಳಬೇಕು. ಮಧ್ಯಾಹ್ನದ ಮೇಲೆ ಮೋಡ ಇಳಿಯುತ್ತದೆ, ಮೇಲಿನ ಏರು ಗಾಜಿನಂತೆ ಗಟ್ಟಿ ಹಿಮ, ಜಾರಿದರೆ ಹಿಡಿಯುವವರಿಲ್ಲ.

ಪೇಟೆಯ ಊರಲ್ಲಿ ಬೆಳೆದ ನನಗೆ ಇದು ಮೊದಲ ದರ ಎಂದೇ ಅನಿಸಿತು. ಯಾರಾದರೂ ಮೊದಲ ದರಕ್ಕೇ ಒಪ್ಪುತ್ತಾರೆಯೇ?

"ಏಕ್ ಬಜೇ ಕರೋ" ಎಂದೆ.

"ಗ್ಯಾರಾ, ಸಾಬ್."

"ಚಲೋ, ನ ತುಮ್ಹಾರಾ ನ ಹಮಾರಾ, ಬಾರಾ ಬಜೇ."

ನೇಗಿ ನನ್ನ ಮುಖವನ್ನೇ ನೋಡಿ ಏನೂ ಹೇಳದೆ ಮುಂದೆ ನಡೆದ. ಪೇಟೆಯಲ್ಲಿ ಸುಮ್ಮನಾದವನು ಒಪ್ಪಿದ ಹಾಗೆ. ಹನ್ನೆರಡಕ್ಕೆ ಸೌದಾ ಮುಗಿಯಿತೆಂದು ಖುಷಿಯಾದೆ.

ನನ್ನ ಕಾಲಿನ ಸಿಂಗಾರ ಅವನಿಗೆ ಗೊತ್ತಿರಲಿಲ್ಲ. ಡೇರೆಯೊಳಗೆ ಮೊದಲು ಪಾದಕ್ಕೆ ಶೇಂಗಾ ಎಣ್ಣೆ ಸವರಿ, ಅದರ ಮೇಲೆ ಕೆಂಪು ಖಾರ ಬಳಿದು, ಕಾಲುಚೀಲ ಏರಿಸಿ, ಬಾಡಿಗೆ ಬೂಟು ಹಾಕಿಕೊಂಡಿದ್ದೆ. ಒಗ್ಗರಣೆಗೆ ಸಾಸಿವೆ ಒಂದು ಕಡಿಮೆ ಇತ್ತು. ಎಡಗಾಲಿನ ಬೂಟಿನ ಹೊಲಿಗೆ ಬಿಟ್ಟಿತ್ತು, ಬದಲಿಸಿಕೊಳ್ಳೋಣವೆಂದರೆ ಅಂಗಡಿ ಇಳಿಜಾರಿನ ಕೆಳಗಿತ್ತು. ಹೊಳ್ಳಬೇಕಾಗುತ್ತಿತ್ತು.

ಮೊದಲ ದಿಣ್ಣೆ ಹತ್ತುವಷ್ಟರಲ್ಲೇ ಕರಬಸಪ್ಪ ಒಂದು ಬಂಡೆಗೆ ಒರಗಿದ. "ಬೀಗರ, ನನಗ ಇಲ್ಲೀತನಕ ಚಂದ ಕಂಡೈತಿ. ಇನ್ನೂ ಮ್ಯಾಲ ಹೋದ್ರ ಇದಕ್ಕಿಂತ ಬೆಳ್ಳಗ ಏನ ಇರ್ತೈತಿ?"

"ಗಂಡಸೇನ್ರಿ ನೀವು?"

"ಗಂಡಸ ಹೌದೋ ಅಲ್ಲೋ ಕೆಳಗ ಹೋಗಿ ಚಹಾ ಕುಡದು ಹೇಳ್ತೇನಿ" ಎಂದವನೇ ಇಳಿದುಬಿಟ್ಟ. ಅವನು ಇಳಿಯುವುದನ್ನು ನೋಡಿ ನಾನು ಎಷ್ಟು ನಕ್ಕೆನೆಂದರೆ ಮಂಕಿ ಕ್ಯಾಪ್ ಸರಿದು ಕಣ್ಣಿಗೆ ಬಂತು.

"ನೀನೂ ಹೋಗ್ತೀಯೇನ?" ಎಂದು ಪುಷ್ಪಲತಾಳನ್ನು ಕೇಳಿದೆ.

"ನೀವು ಹೊಳ್ಳಿದ್ರ ನಾ ಹೊಳ್ಳತೇನಿ. ನಿಮ್ಮನ್ನ ಇಲ್ಲಿ ಬಿಟ್ಟು ಹೋಗಿ ಹೊನ್ನವ್ವಗ ಏನಂತ ಹೇಳ್ಲಿ?"

ಸೀರೆಯ ಮೇಲೆ ಪ್ಯಾಂಟು, ಅದರ ಮೇಲೆ ನನ್ನ ಹಳೆಯ ಕೋಲ್ಡ್ ಸ್ಟೋರೇಜ್ ಕೋಟು. ಹಾಗೆ ಉರುಟಾಗಿ ನಿಂತು ಅಷ್ಟು ಹೇಳಿ ನಡೆದಳು. ಅಲ್ಲಿಗೆ ಗೊತ್ತಾಯಿತು, ಅವಳು ಕೆಳಗೆ ಬರಬೇಕಾದರೆ ಮೊದಲು ನಾನು ತಿರುಗಬೇಕು. ಗೊತ್ತಾದದ್ದನ್ನು ನಾನು ಸಿಂದೂರದ ಪುಡಿಕೆಯ ಜೊತೆ ಜೇಬಿಗೆ ಹಾಕಿಕೊಂಡೆ.

ಮುಂದೆ ನೇಗಿ, ನಡುವೆ ಅವಳು, ಹಿಂದೆ ನಾನು. ಬೂಟಿನ ಕೆಳಗೆ ಕಟ್ಟಿದ್ದ ಕಬ್ಬಿಣದ ಮುಳ್ಳುಗಳು ಕರಕರ ಎನ್ನುತ್ತಿದ್ದವು. ಹತ್ತುತ್ತ ಹೋದಂತೆ ಕಾಲು ಮೊದಲು ಚುಚ್ಚಿದವು, ಆಮೇಲೆ ಉರಿದವು. ಸ್ವಲ್ಪ ಹೊತ್ತಿಗೆ ಎರಡೂ ನಿಂತವು. "ನೋಡ, ನಮ್ಮೂರ ಕಾಯಿ ಕೆಲಸಾ ಮಾಡಾಕತ್ತು!" ಎಂದು ಕೂಗಿದೆ. ಅವಳು ಉಸಿರು ಉಳಿಸಿಕೊಳ್ಳಲು ಬರೀ ಕೈ ಎತ್ತಿ ತೋರಿಸಿದಳು. ಬೈದದ್ದೋ ಮೆಚ್ಚಿದ್ದೋ ಹಿಂದಿನಿಂದ ತಿಳಿಯಲಿಲ್ಲ.

ಆಗಾಗ ನಿಂತು ಫೋಟೋ ಬೇರೆ ಬೇಕಿತ್ತು ನನಗೆ. ಸೊಂಟದ ಮೇಲೆ ಕೈ ಇಟ್ಟು ಒಂದು, ಕೋಲು ಎತ್ತಿ ಒಂದು, ಹಿಂದಿನ ಶಿಖರ ಕಾಣುವ ಹಾಗೆ ಒಂದು. ಕೈಗವಸು ಹಾಕಿಕೊಂಡರೆ ಫೋನು ಕೆಲಸ ಮಾಡುವುದಿಲ್ಲ. ಪುಷ್ಪಲತಾ ಪ್ರತಿ ಸಲ ಬಲಗೈಯ ಗವಸು ತೆಗೆದು ಹಲ್ಲಲ್ಲಿ ಕಚ್ಚಿಕೊಂಡು ತೆಗೆಯುತ್ತಿದ್ದಳು. "ಸ್ವಲ್ಪ ಬಾಜೂಕ ಸರೀರಿ" ಎನ್ನಲು ಬಾಯಿ ತೆರೆದದ್ದೇ ತಡ, ಗಾಳಿ ಗವಸನ್ನು ಎತ್ತಿಕೊಂಡು ಹೋಗಿ ಕಣಿವೆಗೆ ಹಾಕಿತು. ಅವಳು ಕೈಯನ್ನು ಶಾಲಿನಲ್ಲಿ ಸುತ್ತಿಕೊಂಡಳು. ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದ್ದವು.

ಹನ್ನೊಂದಾಯಿತು. ನೇಗಿ ನಿಂತು ಗಡಿಯಾರ ತೋರಿಸಿದ. ನಾನು ತುದಿ ತೋರಿಸಿದೆ. ಅಲ್ಲೊಂದು ಬಣ್ಣದ ಬಾವುಟ ಗಾಳಿಗೆ ಹೊಡೆದುಕೊಳ್ಳುವುದು ಕಾಣುತ್ತಿತ್ತು, ನಮ್ಮ ಓಣಿಯಿಂದ ಬಸ್ ಸ್ಟ್ಯಾಂಡಿನಷ್ಟೂ ದೂರವಿಲ್ಲ. ಆದರೆ ಮಧ್ಯದ ಏರು ಒರಳುಕಲ್ಲಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಆಚೆಯಿಂದ ಮೋಡ ಹಾಲು ಉಕ್ಕಿದ ಹಾಗೆ ಏರುತ್ತಿತ್ತು.

"ಬಾರಾ ಬಜೇ ಕಾ ಬಾತ್ ಹುವಾ" ಎಂದೆ.

"ಬಾತ್ ಆಪ್ ನೇ ಕೀ, ಸಾಬ್. ಪಹಾಡ್ ನೇ ನಹೀಂ ಕೀ." ಮಾತು ಆಡಿದ್ದು ನೀವು, ಗುಡ್ಡ ಆಡಿಲ್ಲ ಎಂದ.

ಅವನು ದರ ಏರಿಸುವ ಉಪಾಯ ಹೂಡಿದ್ದಾನೆಂದು ನನಗೆ ಗುಮಾನಿ. ಇನ್ನೊಂದು ಸುತ್ತು ಎಳೆದಾಡಲು ತಯಾರಾಗಿ, ನನ್ನ ಕಡೆಗೆ ಸಾಕ್ಷಿ ಇರಲೆಂದು ಪುಷ್ಪಲತಾಳ ಕಡೆ ತಿರುಗಿದೆ. ಅವಳು ಬಲಗೈ ಕೆಳಗೆ ಬಿಟ್ಟುಕೊಂಡು ನಿಂತಿದ್ದಳು. ಶಾಲು ಬಿಚ್ಚಿ ಜೋತಾಡುತ್ತಿತ್ತು, ಅವಳು ಅದನ್ನು ಮತ್ತೆ ಸುತ್ತಿಕೊಳ್ಳಲೂ ಹೋಗಿರಲಿಲ್ಲ.

"ಕೈ ಭಾಳ ನೋಯಾಕತ್ತೈತೇನು?"

"ಇಲ್ಲರಿ." ಮಾತು ನಿಧಾನ, ನಿದ್ದೆಯಿಂದ ಎದ್ದವರ ಹಾಗೆ. "ಮೊದಲ ನೋಯತಿತ್ತು. ಈಗ ನಿಂತೈತಿ. ಆರಾಮ ಐತಿ."

ಆ ಮಾತು ಕೇಳಿದ್ದೇ ನನಗೆ ಕಂಡದ್ದು ನಮ್ಮ ಥಂಡಿ ಕೋಣೆಯ ಬಾಗಿಲು. ಅಷ್ಟು ವರ್ಷ ಅಲ್ಲಿ ನಿಂತು, ಬಂದ ಬಂದ ಹಮಾಲನ ಕಿವಿ ತೂತು ಬೀಳುವಂತೆ ಹೇಳಿದ ಮಾತು ನನ್ನದೇ. ಈಗ ಅದನ್ನು ನನ್ನ ಹೆಂಡತಿ ನನಗೆ ಹೇಳುತ್ತಿದ್ದಳು. ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತೂ ಇರಲಿಲ್ಲ. ಅವಳ ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಬಾವುಟ ಅಲ್ಲೇ ಹೊಡೆದುಕೊಳ್ಳುತ್ತಿತ್ತು. ಅದನ್ನು ಇನ್ನೊಮ್ಮೆ ನೋಡಿದೆ. ಸುಳ್ಳು ಹೇಳಬಾರದು, ಎರಡು ಸಲ ನೋಡಿದೆ.

"ಹೊಳ್ಳೂಣು" ಎಂದೆ.

ಪುಷ್ಪಲತಾ ಕಣ್ಣು ಪಿಳುಕಿಸಿದಳು. "ಏನಂದ್ರಿ?"

"ಹೊಳ್ಳೂಣು. ಕೆಳಗ ಹೋಗೂಣು."

"ನಿಮಗ ಆರಾಮಿಲ್ಲೇನು?"

ಮಾತಿಗೆ ಹೊತ್ತಿರಲಿಲ್ಲ. ನನ್ನ ಕೋಟು, ಸ್ವೆಟರು, ಅಂಗಿಯ ಗುಂಡಿ ಎಲ್ಲ ಬಿಚ್ಚಿ ಅವಳ ಕೈಯನ್ನು ನನ್ನ ಬಗಲಲ್ಲಿ ಇಟ್ಟು ಮೇಲಿನಿಂದ ಅವುಚಿಕೊಂಡೆ. ಥಂಡಿ ಹಿಡಿದ ಕೈಯನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು, ಮೈ ಬಿಸಿಯಲ್ಲಿ ಇಡಬೇಕು. ಅಷ್ಟು ಮಾತ್ರ ನನಗೆ ಖರೇ ಗೊತ್ತಿದ್ದ ವಿದ್ಯೆ. ಬಗಲಲ್ಲಿ ಮಂಜುಗಡ್ಡೆ ಇಟ್ಟ ಹಾಗಾಗಿ ನಾನು ಕುಣಿದಾಡಿದೆ. ಅವಳು ನಾಚಿ, "ಬಿಡ್ರಿ, ಆ ಮನಶ್ಯಾ ನೋಡ್ತಾನ" ಎಂದಳು. ನೇಗಿ ಮುಖ ಆಚೆ ತಿರುಗಿಸಿ ಮೋಡ ಎಣಿಸುತ್ತ ನಿಂತ.

ಸ್ವಲ್ಪ ಹೊತ್ತಿಗೆ ಅವಳು, "ಅಯ್ಯಯ್ಯೋ ಎವ್ವಾ" ಎಂದು ಚೀರಿದಳು.

"ನೋಯಾಕತ್ತೇನು?"

"ಜೀವಾ ಹೋಗಾಕತ್ತೈತಿ!"

"ಭೇಷ್!" ಎಂದು ನಾನು ಕೂಗಿದೆ. ಕೈ ಬಿಡುವಿದ್ದಿದ್ದರೆ ಅವಳು ನನ್ನ ಕಪಾಳಕ್ಕೆ ಕೊಡುತ್ತಿದ್ದಳು. ಕಣ್ಣಲ್ಲಿ ನೀರು ಬಂದಿತ್ತು, ಅವಳಿಗೆ ನೋವಿಗೆ. ನನಗೆ ಗಾಳಿಗೆ ಎಂದು ಬರೆದುಕೊಳ್ಳಿ.

ನೇಗಿ ತನ್ನ ಗವಸು ಅವಳಿಗೆ ಹಾಕಿ, ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ ಕಟ್ಟಿ ಇಳಿಸತೊಡಗಿದ. ಹತ್ತಿದ ಹೆಜ್ಜೆಗಳ ಮೇಲೇ ಇಳಿಯಬೇಕೆಂದ. ಆಗ ಕಂಡಿತು: ಹಿಮದ ಮೇಲೆ ಕೆಂಪು ಕಲೆ. ಒಂದಲ್ಲ, ಕೆಳಗಿನವರೆಗೂ ಸಾಲು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕೆಂಪು.

ನೇಗಿ ನಿಂತುಬಿಟ್ಟ. ಪುಷ್ಪಲತಾ, "ರಕ್ತಾರಿ!" ಎಂದಳು.

ನಾನು ಕೋಲಿನಿಂದ ಒಂದು ಕಲೆ ತೋರಿಸಿದೆ. "ಪಾಪ, ಯಾವ ನಸೀಬಗೇಡಿನೋ. ಎಡಗಾಲಿಗೆ ಪೆಟ್ಟು ಬಿದ್ದೈತಿ ನೋಡ, ಒಂದ ಕಾಲಿಂದ ಸುರದೈತಿ. ಇಷ್ಟ ರಕ್ತಾ ಹೋದ್ರೂ ಹೊಳ್ಳದ ಹತ್ತ್ಯಾನಲ್ಲ, ಎಂಥಾ ಖೊಟ್ಟಿ ತಲೀಯಾಂವ ಇದ್ದಾನು! ಮನ್ಯಾಗ ಹೇಂತಿ ಮಕ್ಕಳ ಇಲ್ಲೇನ ಅವಗ?"

ನೇಗಿ ಬಗ್ಗಿ ಹಿಮವನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ಸೀನಲಿಲ್ಲ. ಸೀನು ಬರಲು ಅದೇನು ಗುಂಟೂರಿನದೇ, ಬ್ಯಾಡಗಿ ಕಾಯಿ. ಆಮೇಲೆ ನನ್ನ ಎಡಗಾಲು ನೋಡಿದ. ಹೊಲಿಗೆ ಬಿಟ್ಟ ಬೂಟಿನ ಬಾಯಿಂದ ಕೆಂಪು ಎಣ್ಣೆ ಇಳಿಯುತ್ತಿತ್ತು.

"ಸಾಬ್," ಎಂದ ಮೆಲ್ಲಗೆ, "ಯೇ ಆಪ್ ಹೈಂ."

ಅಷ್ಟು ವಯಸ್ಸಾದರೂ ನನ್ನ ಹೆಜ್ಜೆ ಹೇಗಿರುತ್ತವೆಂದು ನಾನು ನೋಡಿರಲಿಲ್ಲ. ನೋಡಬೇಕೆಂದರೆ ಒಮ್ಮೆಯಾದರೂ ಹೊಳ್ಳಿರಬೇಕಲ್ಲ. ಪುಷ್ಪಲತಾ ಅಲ್ಲೇ ಹಿಮದ ಮೇಲೆ ಕುಳಿತು ನಗತೊಡಗಿದಳು, ಗುತ್ತಲದ ಅಡುಗೆಮನೆಯಲ್ಲಿ ನಕ್ಕ ಅದೇ ನಗು. ಈ ಸಲ ಬಾಯಿಗೆ ಸೆರಗು ಹಿಡಿಯಲಿಲ್ಲ, ಗವಸು ಹಿಡಿದಳು.

ಡೇರೆ ಮುಟ್ಟುವಷ್ಟರಲ್ಲಿ ಮೋಡ ಬಂದು ಗುಡ್ಡವನ್ನೇ ನುಂಗಿತ್ತು. ಕರಬಸಪ್ಪ ನೂಡಲ್ಸ್ ತಿನ್ನುತ್ತ ಕುಳಿತಿದ್ದ. ನನ್ನನ್ನು ನೋಡಿ, "ಇಷ್ಟ ಲಗೂ ತುದಿ ಮುಟ್ಟಿದ್ರೇನ್ರಿ ಬೀಗರ?" ಎಂದ.

"ಹೊಳ್ಳಿ ಬಂದ್ವಿ" ಎಂದಳು ಅವನ ತಂಗಿ.

ಕರಬಸಪ್ಪನ ಬಾಯಿಂದ ನೂಡಲ್ಸ್ ಜೋತುಬಿತ್ತು.

ಬೂಟು ಬಿಚ್ಚಿದಾಗ ನೇಗಿ ತಲೆಗೆ ಕೈ ಹಚ್ಚಿಕೊಂಡ. ಥಂಡಿ ಹಿಡಿದರೆ ಚರ್ಮ ಬೆಳ್ಳಗಾಗುತ್ತದೆ, ಅದನ್ನು ನೋಡಿಯೇ ತಿಳಿಯಬೇಕು. ನನ್ನ ಪಾದ ಎರಡೂ ಮದುಮಗಳ ಪಾದದ ಹಾಗೆ ಕೆಂಪಗಿದ್ದವು. ಎಷ್ಟು ತೊಳೆದರೂ ಬಣ್ಣ ಬಿಡಲೊಲ್ಲದು. ನಮ್ಮೂರ ಕಾಯಿಯ ಬಣ್ಣದ ಬಗ್ಗೆ ನಾನು ವ್ಯಾಪಾರಿಗಳಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಕೊನೆಗೆ ಒಂದೊಂದೇ ಬೆರಳು ಹಿಸುಕಿ, "ದರ್ದ್ ಹೈ?" ಎಂದು ಕೇಳುತ್ತ ಹೋದ. ಎಡಗಾಲಿನ ಕಿರುಬೆರಳಿಗೆ ಬಂದಾಗ ನಾನು, "ನಹೀಂ, ಆರಾಮ್ ಹೈ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ತುದಿಯ ಕಲ್ಲಿಗೆಂದು ತಂದ ಸಿಂದೂರವನ್ನು ಹೊರಡುವಾಗ ನೇಗಿಯ ಹಣೆಗೆ ಹಚ್ಚಿದೆ.

ಆ ಕಿರುಬೆರಳು ಉಳಿಯಿತು, ಅದರ ಉಗುರು ಉಳಿಯಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ಪಾದ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದರಾಗ ರೋಗ ಯಾವುದು, ರಂಗ ಯಾವುದು?" ಎಂದು ಕೇಳಿದರು. ಊರಿಗೆ ಬಂದ ಮೇಲೆ ನಾನು ಬದಲಾದೆ. ಎಷ್ಟು ಬದಲಾದೆನೆಂದರೆ ಎಲ್ಲರಿಗೂ ಬೇಜಾರಾಗುವಷ್ಟು. ಗ್ಯಾಸ್ ಆರಿಸಿದೆನೇ ಎಂದು ಹೊಳ್ಳುತ್ತೇನೆ, ನಳ ಬಿಟ್ಟೆನೇ ಎಂದು ಹೊಳ್ಳುತ್ತೇನೆ. ಯಾಕೆ ಹೊಳ್ಳಿದೆನೆಂದು ಮರೆತರೆ ನೆನಪು ಮಾಡಿಕೊಳ್ಳಲು ಹೊಳ್ಳುತ್ತೇನೆ. ಹೊನ್ನವ್ವ ಹೊಸ ಮಾತು ಕಟ್ಟಿದಳು: "ಮಾಲತೇಶಪ್ಪ ಸಂತಿಗೆ ಹೊಂಟ್ರ ಅಡಗಿ ಮಾಡಾಕ ಅವಸರ ಮಾಡಬ್ಯಾಡ್ರಿ. ಇನ್ನೂ ನಾಕ ಸಲ ಮನಿಗೆ ಬರಾಂವ ಅದಾನ."

ಪುಷ್ಪಲತಾಳ ಬಲಗೈಯ ಎರಡು ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ಸ್ವಲ್ಪ ಥಂಡಿ ತಗುಲಿದರೆ ಸೂಜಿ ಚುಚ್ಚಿದಂತಾಗುತ್ತವೆ. ನನ್ನ ಪ್ರೀತಿಯ ಗೋಡೆ ಅವಳ ವೈರಿಯಾಯಿತು. ಮಳೆಗಾಲ ಹೇಗೋ ಕಳೆಯಿತು. ಚಳಿಗಾಲದಲ್ಲಿ ಅವಳು ರೊಟ್ಟಿ ಬಡಿಯುತ್ತ ಬಡಿಯುತ್ತ ಕೈಯನ್ನು ತವೆಯ ಹತ್ತಿರ ಒಯ್ಯುವುದು, ನಾನು ನೋಡಿದ ಕೂಡಲೇ ಹಿಂದೆ ಎಳೆದುಕೊಳ್ಳುವುದು. "ನೋಯತಾವೇನ?" ಎಂದರೆ, "ನೋಯಲಿ ಬಿಡ್ರಿ, ನೋಯೂದ ಚಲೋ ಅಂತ ನೀವ ಹೇಳೀರಲ್ಲ" ಎನ್ನುವಳು. ಧಣಿ ನನ್ನನ್ನು ಇನ್ನೂ ಕೆಲವು ವರ್ಷ ಇರು ಎಂದಿದ್ದರು, ಇರುತ್ತೇನೆ ಎಂದು ನಾನೂ ಒಪ್ಪಿದ್ದೆ. ನಾಕು ಮಂದಿ ಹೊತ್ತುಕೊಂಡು ಹೋಗುವ ಮಾತಂತೂ ಓಣಿಗೆಲ್ಲ ಬಾಯಿಪಾಠವಾಗಿತ್ತು. ಒಂದು ಬೆಳಿಗ್ಗೆ ಹೋಗಿ ಎರಡೂ ಮಾತನ್ನು ವಾಪಸು ತೆಗೆದುಕೊಂಡೆ. ರಾಣೆಬೆನ್ನೂರಿನಲ್ಲಿ, ಕರಬಸಪ್ಪನ ಅಂಗಡಿಯ ಹಿಂದಿನ ಬೀದಿಯಲ್ಲಿ, ದಿನವಿಡೀ ಬಿಸಿಲು ಬೀಳುವ ಒಂದು ಮನೆ ಹಿಡಿದೆವು. ಅಲ್ಲಿ ಎರಡು ನಳ ಇವೆ. ಪುಷ್ಪಲತಾ ಅದನ್ನು ಎರಡೆರಡು ಸಲ ಹೇಳಿದಳು.

ನಾವು ಹೊರಟದ್ದು ಮಾರ್ಚ್ ತಿಂಗಳಲ್ಲಿ. ಆವರಣದ ತುಂಬ ಕಾಯಿ ಚೀಲ, ನೆಲವೆಲ್ಲ ಕೆಂಪು ಧೂಳು. ಸಾಮಾನೆಲ್ಲ ಟೆಂಪೋ ಏರಿತ್ತು, ಕರಬಸಪ್ಪ ಮುಂದಿನ ಸೀಟಿನಲ್ಲಿ ಆಗಲೇ ತೂಕಡಿಸುತ್ತಿದ್ದ. ಪುಷ್ಪಲತಾ ಖಾಲಿ ಮನೆಯನ್ನು ಒರೆಸಿ, ಬಾಲ್ದಿ ಹಿಡಿದು ಹೊರಗೆ ಬಂದಳು. ಸಾಮಾನು ಹೊತ್ತು ಬರಿಗಾಲಿನಲ್ಲಿದ್ದ ನಾನು ಬಾಗಿಲು ಎಳೆದೆ. ಹೊನ್ನವ್ವ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದಳು. ಟೆಂಪೋ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲವೇನೋ.

"ಎಲ್ಲಿಗೆ ಹೊಂಟಿ ಮಾಲತೇಶಪ್ಪಾ?"

ಈ ಸಲ ಸುಡಗಾಡದ ಮಾತು ಆಡಲಿಲ್ಲ. ಬಾಗಿಲು ತೆರೆದು ಒಳಗೆ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ತಣ್ಣಗಿತ್ತು. ಕುಡಿಯಲು ನೀರು ಬೇಕಲ್ಲ, ಕೊಡ ಟೆಂಪೋದಲ್ಲಿತ್ತು. ಹೊನ್ನವ್ವ ತನ್ನ ಮನೆಯಿಂದ ತಂಬಿಗೆ ತುಂಬಿಕೊಂಡು ಓಣಿ ದಾಟಿ ಬಂದಳು. ಕೈಗೆ ಕೊಟ್ಟು, "ಒಂದ ಗುಟುಕ ಸಾಕು. ಎಲ್ಲಾ ಕುಡದು ಇಲ್ಲೇ ಕುಂದರಬ್ಯಾಡ, ಆಕೀ ಕೈ ನೋಯತಾವ" ಎಂದು ಮುಖ ತಿರುಗಿಸಿಕೊಂಡು ನಿಂತಳು.

ಅಷ್ಟರಲ್ಲಿ ಬಾಗಿಲಲ್ಲಿ ಪುಷ್ಪಲತಾಳ ದನಿ. "ಅಯ್ಯ, ಒರಸಿದ ನೆಲಾರಿ!"

ನೋಡಿದರೆ ಹೊಸ್ತಿಲಿನಿಂದ ಗೋಡೆಯವರೆಗೆ ಕೆಂಪು ಹೆಜ್ಜೆ. ಈ ಸಲ ಎರಡೂ ಕಾಲಿನವು.

"ಯಾವ ನಸೀಬಗೇಡಿ ಹೊಳ್ಳಿ ಬಂದಾನ ನೋಡ" ಎಂದೆ.

ತಂಬಿಗೆ ಹೊನ್ನವ್ವನ ಕೈಗೆ ಕೊಟ್ಟೆ, ಬಾಗಿಲು ಹಾಕಿ ಧಣಿಗೆ ಮುಟ್ಟಿಸಲೆಂದು ಬೀಗದ ಕೈ ಅವಳ ಇನ್ನೊಂದು ಕೈಗೆ ಕೊಟ್ಟೆ. ಬಂದ ಹೆಜ್ಜೆಗಳ ಮೇಲೇ ಕಾಲಿಟ್ಟು ಹೊರಗೆ ಬಂದೆ, ಇನ್ನಷ್ಟು ನೆಲ ಕೆಡಬಾರದೆಂದು. ಚಪ್ಪಲಿ ಮೆಟ್ಟಿಕೊಂಡು, ಲುಂಗಿ ಚಿಲಕಕ್ಕೆ ಸಿಕ್ಕಿಲ್ಲವೆಂದು ಬಗ್ಗಿ ಖಾತ್ರಿ ಮಾಡಿಕೊಂಡು, ಟೆಂಪೋ ಹತ್ತಿದೆ.